ಹದಿನೇಳನೆಯ ಸಾಲಿನ ಷರಾ

14 ಅಕ್ಟೋಬರ್ 1985, ಸೋಮವಾರ

ಬಿತ್ತನೆ ಮುಗಿಯಿತು. ಇಪ್ಪತ್ತನಾಲ್ಕು ಊರುಗಳಿಂದ ತಂದ ಇಪ್ಪತ್ತನಾಲ್ಕು ಬಗೆಯ ಹಿಂಗಾರಿ ಜೋಳ, ಒಂದೊಂದಕ್ಕೆ ಒಂದೊಂದು ಸಾಲು. ಇನ್ನು ಕೊಯ್ಲಿನವರೆಗೆ ಇವುಗಳಿಗೆ ನಾವು ಒಂದು ಹನಿ ನೀರು ಹಾಕುವಂತಿಲ್ಲ. ನೀರಿಲ್ಲದೆ ಯಾವುದು ಬದುಕುತ್ತದೆಯೋ ಅದನ್ನು ಆರಿಸಿ ಬೀಜ ಮಾಡಬೇಕು, ಅಷ್ಟೇ ಪ್ರಯೋಗ. ಅಂದಪ್ಪ ಸಾಹೇಬರು ಇದನ್ನು ಗದಗಿನ ಕೃಷಿ ಕಚೇರಿಯಲ್ಲಿ ಒಂದು ಗಂಟೆ ಹೇಳಿದರು. ನನಗೆ ಒಂದು ನಿಮಿಷದಲ್ಲೇ ತಿಳಿದಿತ್ತು, ಆದರೂ ತಲೆಯಾಡಿಸುತ್ತ ಕೂತಿದ್ದೆ. ಸಾಹೇಬರ ಮುಂದೆ ಜಲ್ದಿ ತಿಳಿದುಕೊಳ್ಳಬಾರದು.

ಹೊಲದ ಪುಸ್ತಕದಲ್ಲಿ ಕೊನೆಗೆ ‘ಷರಾ’ ಅಂತ ಒಂದು ಕಾಲಂ ಇದೆ. ಅಗಲ ಒಂದೇ ಇಂಚು. ನನ್ನಂಥ ಬಾಯಿಬಡಕನ ಮಾತು ಅದರಲ್ಲಿ ಹಿಡಿಯುವುದಿಲ್ಲ. ಹಿಡಿಯದ್ದನ್ನು ಈ ಡೈರಿಗೆ ಹಾಕುತ್ತೇನೆ. ಹೆಂಡತಿ ಮೋತಿಬಿಗೆ ಕನ್ನಡ ಓದಲು ಬರುವುದಿಲ್ಲ, ಅದೊಂದು ಅನುಕೂಲ.

ಹನ್ನೊಂದು ವರ್ಷದಿಂದ ನಾನು ಹಂಗಾಮಿ ಕ್ಷೇತ್ರ ಸಹಾಯಕ. ಹಂಗಾಮು ಬಂದರೆ ಕೆಲಸ, ಹೋದರೆ ಲಕ್ಷ್ಮೇಶ್ವರದ ಮನೆಯ ಕಟ್ಟೆ. ಈ ಸಲ ಸಾಹೇಬರು ಬಾಯಿಬಿಟ್ಟು ಹೇಳಿದ್ದಾರೆ: “ಇಪ್ಪತ್ನಾಕರಾಗ ಒಂದು ಗಟ್ಟಿ ತಳಿ ತೋರಸು ಖಾಸಿಂಸಾಬ. ನಿನ್ನ ಕಾಯಂ ಮಾಡಸೂದು ನನಗ ಬಿಡು.”

ಒಂದು ಸಾಲು ಸಾಕು. ಒಂದೇ ಒಂದು.

22 ನವೆಂಬರ್, ಶುಕ್ರವಾರ

ಬಿತ್ತಿದ ಮೇಲೆ ಎರಡು ಸಲ ತುಂತುರು ಬಿದ್ದದ್ದು ಬಿಟ್ಟರೆ ಆಕಾಶ ತೊಳೆದಿಟ್ಟ ಪರಾತದಂತಿದೆ. ಎರೆಯ ಕಪ್ಪು ಭೂಮಿ ಬಿರಿಯತೊಡಗಿದೆ. ಇಂದಿನಿಂದ ಅಂಕ ಹಾಕುವುದು ಶುರು. ಮಧ್ಯಾಹ್ನ ಹನ್ನೆರಡಕ್ಕೆ ಪ್ರತಿ ಸಾಲಿನ ಐದು ಗಿಡಗಳ ಎಲೆ ನೋಡಬೇಕು. ಹಸಿರಾಗಿ ಹರವಿಕೊಂಡಿದ್ದರೆ ಒಂದು, ಪೂರ್ತಿ ಬಾಡಿದ್ದರೆ ಐದು.

ಐದು ಗಿಡ ಸಾಲಿನ ನಡುವಿನಿಂದ ಆರಿಸಬೇಕು ಅಂತ ಕಚೇರಿ ಕೊಟ್ಟ ಸೂಚನೆಯ ಕಾಗದದಲ್ಲಿದೆ. ಕಾಗದ ಬರೆದವರಿಗೆ ಈ ಬಿಸಿಲು ಗೊತ್ತಿಲ್ಲ. ಹೊಲದ ಮೂಡಣ ಬದುವಿನಲ್ಲಿ ಒಂದು ಬೇವಿನ ಮರ ಇದೆ. ನಾನು ಆ ಬದುವಿನ ಮೇಲೇ ನಡೆಯುತ್ತ ಪ್ರತಿ ಸಾಲಿನ ಮೊದಲ ಐದು ಗಿಡ ನೋಡಿದೆ. ಒಂದೇ ಸಾಲಿನಲ್ಲಿ ಗಿಡ ಗಿಡಕ್ಕೆ ಏನು ವ್ಯತ್ಯಾಸ? ಒಂದೇ ತಾಯಿಯ ಮಕ್ಕಳು.

ಒಂಬತ್ತನೆಯ ಸಾಲು ನಾಚಿಕೆಗೇಡು. ಬೆಳಿಗ್ಗೆ ಹತ್ತಕ್ಕೇ ಎಲೆ ಸುರುಳಿ ಸುತ್ತಿಕೊಂಡು ಮುಖ ಮುಚ್ಚಿ ನಿಂತಿರುತ್ತದೆ. ನಾಲ್ಕು ಅಂಕ ಹಾಕಿ ಷರಾದಲ್ಲಿ ‘ಬಾಡಿದೆ’ ಅಂತ ಬರೆದೆ. ಕಸ ತೆಗೆಯುತ್ತಿದ್ದ ಕೂಲಿ ಹೆಂಗಸೊಬ್ಬಳು ತಲೆ ಎತ್ತಿದಳು. ಹೆಸರು ಹನಮಂತವ್ವ ಅಂತೆ, ಶಿರಹಟ್ಟಿ ಕಡೆಯವಳು, ನಾಲಿಗೆ ಉದ್ದ.

“ಅದು ಬಾಡಿಲ್ಲರಿ. ಸೆರಗ ಹೊತಗೊಂಡೈತಿ.”

“ನೀ ಕಸ ತಗಿ. ಅಂಕ ನಾ ಹಾಕತೀನಿ” ಅಂದೆ.

2 ಡಿಸೆಂಬರ್, ಸೋಮವಾರ

ಸಾಹೇಬರ ಜೀಪು ಬಂದಿತ್ತು. ಬೇವಿನ ನೆರಳಿನಲ್ಲಿ ನಿಂತು ಚೆಂದ ಮಾತಾಡಿದರು. “ಗಿಡಕ್ಕ ಕಾಲಿಲ್ಲ ಖಾಸಿಂಸಾಬ. ಬಿಸಿಲು ಬಂತಂತ ಓಡಿ ಹೋಗಾಕ ಆಗೂದಿಲ್ಲ, ನಿಂತಲ್ಲೇ ಏನರ ಹಿಕಮತ್ತು ಮಾಡಬೇಕು. ಒಂದು ಬೇರು ಆಳಕ್ಕ ಬಿಡತೈತಿ, ಒಂದು ಎಲಿ ಸಣ್ಣ ಮಾಡತೈತಿ, ಒಂದು ಜಲ್ದಿ ತೆನಿ ಹಾಕಿ ಪಾರಾಗತೈತಿ. ಆ ಹಿಕಮತ್ತು ಹುಡುಕೂದೇ ನಮ್ಮ ಕೆಲಸ.”

ಆಮೇಲೆ ನಾನು ಹದಿನೇಳನೆಯ ಸಾಲು ತೋರಿಸಿದೆ. ಮುಂಡರಗಿ ಕಡೆಯ ಒಬ್ಬ ಮುದುಕಿಯ ಮಡಕೆಯಿಂದ ತಂದ ಬೀಜ. ನಡು ಮಧ್ಯಾಹ್ನ ಎಲೆ ಹರವಿಕೊಂಡು ಕಪ್ಪು ಹಸಿರಾಗಿ ನಿಂತಿತ್ತು. ಹತ್ತು ದಿನದಿಂದ ಅದಕ್ಕೆ ಒಂದೇ ಅಂಕ, ಒಂದು. ಸಾಹೇಬರು ಮರದ ಕೆಳಗಿನಿಂದಲೇ ನೋಡಿ, ಎಲೆ ಮುಟ್ಟಿ, ನನ್ನ ಬೆನ್ನು ಚಪ್ಪರಿಸಿದರು. “ಸಿಕ್ಕಿತಲ್ಲೋ!” ಒಂಬತ್ತನ್ನು ನೋಡಿ, “ಇದನ್ನ ಕೊಯ್ದು ದನಕ್ಕ ಹಾಕು” ಅಂದರು.

ಯಾಕೋ ಇನ್ನೂ ಕೊಯ್ದಿಲ್ಲ. ಕುಡುಗೋಲು ಮೊಂಡಾಗಿದೆ.

ಸೈಕಲ್ಲಿನ ಮೇಲೆ ಮನೆಗೆ ಬರುವಾಗ ಹಾಡು ಗುನುಗುತ್ತಿದ್ದೆನಂತೆ. ದಾರಿಯಲ್ಲಿ ಸಿಕ್ಕ ಲಾಡಸಾಬ ಹೇಳಿದ.

5 ಡಿಸೆಂಬರ್, ಗುರುವಾರ

ಉಣ್ಣುವಾಗ ಒಂಬತ್ತನೆಯ ಸಾಲಿನ ಸೆರಗಿನ ಮಾತು ಹೇಳಿ ನಗಾಡಿದೆ. ಮೋತಿಬಿ ನಗಲಿಲ್ಲ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು: “ನಾನೂ ಮಧ್ಯಾಹ್ನ ಸೆರಗ ಹೊತ್ತು ನೀರಿಗೆ ಹೋಗತೀನಿ. ಹಂಗಾರ ನಾ ಬಾಡೀನೇನು? ನನಗೆಷ್ಟು ಅಂಕ ಹಾಕತೀರಿ?”

“ನಿನಗ ಒಂದು” ಅಂದೆ. ಒಂದು ಅಂದರೆ ಎಲ್ಲಕ್ಕಿಂತ ಮೇಲು ಅಂತ ಅವಳಿಗೆ ಗೊತ್ತಿಲ್ಲ. ಎರಡನೆಯ ರೊಟ್ಟಿ ಬರಲೇ ಇಲ್ಲ.

19 ಡಿಸೆಂಬರ್, ಗುರುವಾರ

ಇಂದು ಏನೂ ತಿಳಿಯದಾಗಿದೆ. ಸೈಕಲ್ ಪಂಚರ್ ಆಗಿ ಹಳ್ಳದ ದಾರಿ ಹಿಡಿದು ಪಡುವಣ ಬದುವಿನಿಂದ ಹೊಲಕ್ಕೆ ಬಂದೆ. ಆ ಕಡೆಯಿಂದ ನಾನು ಎಂದೂ ಬಂದವನಲ್ಲ. ಬರುವಾಗ ಒಂದು ಸಾಲು ಪೂರ್ತಿ ಸುಟ್ಟು ಎಲೆಯ ತುದಿ ಬೂದಿ ಬಣ್ಣಕ್ಕೆ ತಿರುಗಿತ್ತು. ಯಾವ ದರಿದ್ರದ್ದು ಅಂತ ಗೂಟದ ನಂಬರು ನೋಡಿದೆ. ಹದಿನೇಳು.

ಗೂಟ ಅದಲುಬದಲಾಗಿರಬೇಕು ಅಂತ ಸಾಲಿನ ಗುಂಟ ನಡೆದು ಬಂದೆ. ಒಣಗಿದ್ದು, ಒಣಗಿದ್ದು, ಅರೆ ಒಣಗಿದ್ದು, ಕೊನೆಗೆ ಬೇವಿನ ಹತ್ತಿರದ ಎಂಟು ಗಿಡ ಮಾತ್ರ ಹಸಿರು. ಅದೇ ಸಾಲು, ಅದೇ ಬೀಜ. ಒಂದೇ ತಾಯಿಯ ಮಕ್ಕಳು ಅಂತ ಬರೆದಿದ್ದೆನಲ್ಲ!

ಬೇವಿನ ನೆರಳೇ ಕಾರಣವೇ? ಹಾಗಿದ್ದರೆ ಹದಿನಾರೂ ಹದಿನೆಂಟೂ ಹಸಿರಾಗಿರಬೇಕಿತ್ತು. ಇಲ್ಲ. ಗೆದ್ದಲೇ? ಆ ಕಡೆಯ ಮಣ್ಣೇ? ಒಂದು ಗಿಡ ಕಿತ್ತು ನೋಡಿದೆ. ಬೇರು ಚೆನ್ನಾಗಿಯೇ ಇದೆ.

ಇನ್ನೊಂದು ಹೊಸ ತಲೆನೋವು. ಇದೇ ಗಡಿಬಿಡಿಯಲ್ಲಿ ಸಂಜೆ ಆರರವರೆಗೆ ಹೊಲದಲ್ಲೇ ಇದ್ದೆ. ಎಂದೂ ಅಷ್ಟು ಹೊತ್ತು ಇದ್ದವನಲ್ಲ. ಬಿಸಿಲು ಇಳಿದಂತೆ ಒಂಬತ್ತನೆಯ ಸಾಲು ಮೆಲ್ಲಗೆ ಎಲೆ ಬಿಚ್ಚಿತು, ಆ ತುದಿಯಿಂದ ಈ ತುದಿಯವರೆಗೆ. ಕೈಯಿಟ್ಟರೆ ತಣ್ಣಗಿತ್ತು. ನಾಲ್ಕನೆಯ ಸಾಲೂ ಮಧ್ಯಾಹ್ನ ಸುರುಳಿ ಸುತ್ತುತ್ತದೆ, ಆದರೆ ಅದು ಸಂಜೆಗೂ ಬಿಚ್ಚಲಿಲ್ಲ. ಎರಡಕ್ಕೂ ನಾನು ಒಂದೇ ಅಂಕ ಕೊಟ್ಟಿದ್ದೇನೆ.

ಹನ್ನೆರಡು ಗಂಟೆಗೆ ಯಾಕೆ ನೋಡಬೇಕು? ಯಾರು ಹೇಳಿದ್ದು? ಕಾಗದ ಹೇಳಿದ್ದು. ನಡುವಿನ ಗಿಡ ನೋಡು ಅಂತಲೂ ಅದೇ ಕಾಗದ ಹೇಳಿತ್ತು. ಯಾವ ಮಾತು ಕೇಳಬೇಕಿತ್ತೋ ಅದನ್ನು ಬಿಟ್ಟು ಇನ್ನೊಂದನ್ನು ಕೇಳಿದ್ದೇನೆ.

20 ಡಿಸೆಂಬರ್, ಶುಕ್ರವಾರ

ಅಂಕ ಹಾಕಲಿಲ್ಲ. ಜ್ವರ ಅಂತ ಬರೆದೆ. ಜ್ವರ ಇರಲಿಲ್ಲ.

24 ಡಿಸೆಂಬರ್, ಮಂಗಳವಾರ

ತಿಳಿಯಿತು. ತಿಳಿಯದೇ ಇದ್ದಿದ್ದರೆ ಚೆನ್ನಾಗಿತ್ತು.

ಹೆಂಗಸರು ಈಗ ಹಕ್ಕಿ ಕಾಯಲು ಬರುತ್ತಾರೆ, ಹನಮಂತವ್ವ ಮತ್ತು ಅಮೀನಬಿ. ನಾನು ಅಂಕ ಹಾಕಿದ ಮೇಲೆ ಮನೆಗೆ ಹೋಗುವ ಆಸಾಮಿ, ಇಂದು ಹೋಗಲಿಲ್ಲ. ಇಬ್ಬರೂ ಬೇವಿನ ಕೆಳಗೆ ಬುತ್ತಿ ಬಿಚ್ಚಿ ಉಂಡರು. ಉಂಡು ಕೈ ತೊಳೆದರು. ಆಮೇಲೆ ಹನಮಂತವ್ವ ಕೊಡ ಎತ್ತಿ ಉಳಿದ ನೀರನ್ನೆಲ್ಲ ಹದಿನೇಳನೆಯ ಸಾಲಿನ ತಲೆಯಲ್ಲಿರುವ ತಗ್ಗಿಗೆ ಸುರಿದಳು. ಸುರಿಯುವಾಗ ಮಗುವಿಗೆ ನೀರೆರೆಯುವವರ ಹಾಗೆ ಕೈ ಅಡ್ಡ ಹಿಡಿದಿದ್ದಳು.

“ಏನ ಮಾಡಾಕತ್ತಿ?” ಅಂದೆ.

“ಕುಡದು ಉಳದ ನೀರ್ರಿ. ಬರೇ ನೆಲಕ್ಕ ಚೆಲ್ಲಬಾರದು, ಒಂದು ಜೀವದ ಬುಡಕ್ಕ ಹಾಕಬೇಕಂತ ನಮ್ಮವ್ವ ಹೇಳತಿದ್ಲು.”

“ದಿನಾ ಹಾಕತೀಯೇನು?”

“ಬಂದ ದಿನಾ ಎಲ್ಲಾ ಹಾಕೇನ್ರಿ. ಕೈ ತೊಳದದ್ದೂ ಅಲ್ಲೇ. ತಗ್ಗೈತಲ್ಲರಿ, ನೀರು ಛಲೋ ನಿಲ್ಲತೈತಿ.”

ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಕೈಯಲ್ಲಿದ್ದ ನೀರಿನ ಚೆರಿಗೆ ಕಂಡಿತು. ನಾನೂ ಈ ಎರಡು ತಿಂಗಳು ಕುಡಿದು ಉಳಿದದ್ದನ್ನು ಎಲ್ಲಿ ಚೆಲ್ಲಿದ್ದೇನೆ? ಅಲ್ಲೇ. ನನ್ನ ಅವ್ವನೂ ಅದೇ ಮಾತು ಹೇಳುತ್ತಿದ್ದಳು. ನೀರಿಲ್ಲದ ಪ್ರಯೋಗಕ್ಕೆ ನಾವು ಮೂವರು ಸೇರಿ, ಪುಣ್ಯದ ಕೆಲಸ ಅಂತ, ದಿನವೂ ನೀರು ಹಾಕಿದ್ದೇವೆ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ.

“ನಾಳಿಯಿಂದ ಹೊಲದಾಗ ಒಂದ ಹನಿ ನೀರು ಬೀಳಬಾರದು. ಸಾಹೇಬ್ರ ಹುಕುಂ” ಅಂದೆ. ಕಾರಣ ಹೇಳಲಿಲ್ಲ. ಹೇಳಿದ್ದರೆ ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಗೊತ್ತಿಲ್ಲ.

2 ಜನವರಿ 1986, ಗುರುವಾರ

ನೀರು ಹಾಕುವುದು ನಿಂತು ಒಂಬತ್ತು ದಿನ. ಹದಿನೇಳರ ಎಂಟು ಗಿಡಗಳೂ ಕುಸಿದಿವೆ. ಮಧ್ಯಾಹ್ನ ಎಲೆ ಹರವಿಕೊಂಡೇ ನಿಲ್ಲುತ್ತವೆ, ಮುಚ್ಚಿಕೊಳ್ಳುವ ಬುದ್ಧಿ ಅವುಗಳಿಗಿಲ್ಲ. ಉಂಡು ಬೆಳೆದ ಮನೆಯ ಮಕ್ಕಳ ಹಾಗೆ, ಕಷ್ಟ ಬಂದರೆ ಏನು ಮಾಡಬೇಕೆಂದು ಗೊತ್ತಿಲ್ಲ.

ಒಂಬತ್ತು ಬೆಳಿಗ್ಗೆ ಹತ್ತಕ್ಕೆ ಸೆರಗು ಹೊದ್ದಿತು. ಸಂಜೆ ಐದೂವರೆಗೆ ತೆಗೆಯಿತು. ತೆನೆಯಲ್ಲಿ ಹಾಲು ತುಂಬುತ್ತಿದೆ.

6 ಜನವರಿ, ಸೋಮವಾರ

ಸಾಹೇಬರ ಕಾರ್ಡು ಬಂತು. ಶನಿವಾರ ಹನ್ನೊಂದಕ್ಕೆ ದೊಡ್ಡ ಅಧಿಕಾರಿಗಳಿಬ್ಬರನ್ನು ಕರೆದುಕೊಂಡು ಬರುತ್ತಾರಂತೆ. ಹದಿನೇಳನ್ನು ನೋಡಲಿಕ್ಕೆ. ‘ನಿನ್ನ ಕಾಯಂ ಕಾಗದ ಮೇಲೆ ಹೋಗಿದೆ’ ಅಂತ ಕೊನೆಯಲ್ಲಿ ಬರೆದಿದ್ದಾರೆ.

ಮೋತಿಬಿಗೆ ಕಾಗದ ಮೇಲೆ ಹೋದ ಸಂಗತಿ ಮಾತ್ರ ಹೇಳಿದೆ. ಅವಳು ದರ್ಗಾಕ್ಕೆ ಸಕ್ಕರೆ ಒಯ್ದಳು. ಓಣಿಗೆಲ್ಲ ಹಂಚಿಯೂ ಬಂದಳು. ನಾನು ಎರಡು ಸಲ ಬಾಯಿ ತೆರೆದೆ, ಎರಡು ಸಲವೂ ಅವಳು ಬಾಯಿಗೆ ಸಕ್ಕರೆ ಹಾಕಿದಳು.

8 ಜನವರಿ, ಬುಧವಾರ

ಮುಂಜಾನೆ ಯಾರೂ ಬರುವ ಮೊದಲೇ ಹೊಲಕ್ಕೆ ಹೋದೆ. ಸೈಕಲ್ಲಿಗೆ ಎರಡು ಕೊಡ ಕಟ್ಟಿದ್ದೆ. ಹಳ್ಳದ ಒರತೆ ನೀರು. ಕೈಕಾಲು ತೊಳೆಯಲಿಕ್ಕೆ.

ಎರಡು ಕೊಡ ನೀರಿನಲ್ಲಿ ಒಬ್ಬ ಮನುಷ್ಯ ಎಷ್ಟು ಕೈಕಾಲು ತೊಳೆಯಬಹುದು? ಉಳಿದ ನೀರನ್ನು ಬರಿ ನೆಲಕ್ಕೆ ಚೆಲ್ಲಬಾರದು.

9 ಜನವರಿ, ಗುರುವಾರ

ಇಂದೂ.

10 ಜನವರಿ, ಶುಕ್ರವಾರ

ಎಳ್ಳ ಅಮವಾಸ್ಯೆ. ಮುಂಜಾನೆ ಎರಡು ಕೊಡ. ಜುಮ್ಮಾ ನಮಾಜಿಗೆ ಹೋದೆ. ವಜೂಗೆಂದು ಕೈಕಾಲು ತೊಳೆಯುವಾಗ ಕೈಮೇಲೆ ಬಿದ್ದ ನೀರು ನೋಡುತ್ತ ನಿಂತುಬಿಟ್ಟೆ. ಹಿಂದಿದ್ದವರು ಕೆಮ್ಮಿದರು.

ನಮಾಜು ಮುಗಿಸಿ ಹೊಲಕ್ಕೆ ಬಂದಾಗ ಹನಮಂತವ್ವ ಐದು ಕಲ್ಲಿಟ್ಟು ಪೂಜೆ ಮಾಡಿ, “ಹುಲಿಗ್ಯೋ, ಹುಲಿಗ್ಯೋ” ಅಂತ ಕೂಗುತ್ತ ಚರಗ ಚೆಲ್ಲಿದಳು. ಕಡುಬು, ರೊಟ್ಟಿ, ಪಲ್ಲೆ ಎಲ್ಲ ಭೂಮಿಗೆ ಒಂದೊಂದು ತುತ್ತು. ಅಮೀನಬಿ ಹಿಂದೆ ಹಿಂದೆ ನಡೆದಳು. ನೀರು ಚಿಮುಕಿಸುವಾಗ ಹನಮಂತವ್ವ ನನ್ನತ್ತ ನೋಡಿ, “ಇವತ್ತೊಂದ ದಿನ ಸಾಹೇಬ್ರ ಹುಕುಂ ಬಿಡ್ರಿ. ಇಪ್ಪತ್ನಾಕಕ್ಕೂ ಸಮ ಹಾಕತೀನಿ. ಬಸರಿ ಭೂಮಿತಾಯಿ, ನೀರ ಕೇಳಿದ್ರ ಇಲ್ಲ ಅನಬಾರದು” ಅಂದಳು.

ಅವಳು ಬೆರಳ ತುದಿಯಿಂದ ಹಾಕುವ ಹನಿಗೆ ನನ್ನ ಅಪ್ಪಣೆ ಕೇಳುತ್ತಿದ್ದಳು. “ಹಾಕವಾ” ಅಂದೆ. ನನಗೂ ಒಂದು ಕಡುಬು ಕೊಟ್ಟಳು.

11 ಜನವರಿ, ಶನಿವಾರ

ಬಂದರು. ಬೇವಿನ ಕೆಳಗೆ ನಿಂತರು. ಎಂಟು ಗಿಡ ನೋಡಿದರು. ಪೂರ್ತಿ ಹಸಿರು ಅಲ್ಲ, ಆದರೂ ತಲೆ ಎತ್ತಿದ್ದವು. ಒಬ್ಬರು ತಗ್ಗಿನ ಹತ್ತಿರ ಬೂಟು ಊರಿದಾಗ, “ಮಣ್ಣು ಹಸಿ ಐತೇನು?” ಅಂದರು.

“ನಿನ್ನಿ ಅಮಾಸಿರಿ. ಹೆಣ್ಮಕ್ಕಳು ಚರಗ ಚೆಲ್ಯಾರ್ರಿ” ಅಂದೆ. ಎಲ್ಲರೂ ನಕ್ಕರು. ಅಂಥ ಸುಳ್ಳು ನನಗೆ ಅಷ್ಟು ಬೇಗ ಎಲ್ಲಿಂದ ಬಂತೋ! ಸುಳ್ಳೂ ಅಲ್ಲ ಅದು, ಅದೇ ಕೆಟ್ಟದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ; ನಾನು ಮುಟ್ಟಿಯೂ ನೋಡಿಕೊಳ್ಳಲಿಲ್ಲ.

ಮುಂದಿನ ಹಿಂಗಾರಿಗೆ ಹತ್ತು ಜನ ರೈತರ ಹೊಲದಲ್ಲಿ ಹದಿನೇಳು ಬಿತ್ತಿಸುತ್ತಾರಂತೆ. ಚೆಂದದ ತೆನೆ ಆರಿಸಿ ಬೀಜಕ್ಕೆ ಇಡು ಅಂತ ಸಾಹೇಬರು ಹೇಳಿ ಹೋದರು. ಸಾಲಿನ ನಡುವಿಗೆ ಯಾರೂ ಕಾಲಿಡಲಿಲ್ಲ. ಬಿಸಿಲಿತ್ತು.

ಗಿಡಕ್ಕೆ ಕಾಲಿಲ್ಲ, ನಿಂತಲ್ಲೇ ಹಿಕಮತ್ತು ಮಾಡುತ್ತದೆ. ನನಗೆ ಕಾಲಿತ್ತು. ನಾನು ಯಾಕೆ ಮಾಡಿದೆ?

29 ಜನವರಿ, ಬುಧವಾರ

ಬರೆಯಲು ಏನಿಲ್ಲ. ದಿನಾ ಬೆಳಿಗ್ಗೆ ಆರಕ್ಕೆ ಮತ್ತು ಸಂಜೆ ಆರಕ್ಕೆ ಹೊಲದಲ್ಲಿ ಇರುತ್ತೇನೆ. ಯಾರೂ ಹೇಳಿಲ್ಲ, ಕಾಗದದಲ್ಲೂ ಇಲ್ಲ. ಸಾಲಿನ ಗುಂಟ ಆ ತುದಿಯಿಂದ ಈ ತುದಿಗೆ ನಡೆಯುತ್ತೇನೆ. ಪಾದ ಒಡೆದಿವೆ.

13 ಫೆಬ್ರುವರಿ, ಗುರುವಾರ

ಕೊಯ್ಲು. ಹದಿನೇಳರಲ್ಲಿ ಮರದ ಕಡೆಯ ಎಂಟು ತೆನೆ ಬಿಟ್ಟರೆ ಮಿಕ್ಕದ್ದೆಲ್ಲ ಜೊಳ್ಳು. ಒಂಬತ್ತರಲ್ಲಿ ಸಣ್ಣ ತೆನೆ, ಆದರೆ ಈ ತುದಿಯಿಂದ ಆ ತುದಿಗೆ ಒಂದೇ ಸಮ, ಕಾಳು ಮುತ್ತಿನ ಹಾಗೆ. ಎಂಟು ತೆನೆ ಬೇರೆ ಚೀಲಕ್ಕೆ ಹಾಕಿ ಬಾಯಿ ಕಟ್ಟುತ್ತಿದ್ದೆ. ಹನಮಂತವ್ವ ಬಂದು ನಿಂತಳು.

“ಒಂದು ಮಾತು ಕೇಳಲೇನ್ರಿ? ನನ್ನದೊಂದು ಎಕರೆ ಎರಿ ಐತಿ. ಹಿಂದಿನ ಹಿಂಗಾರ್ಯಾಗ ಬರೇ ಕಣಕಿ ಆತು, ಕಾಳಿಲ್ಲ. ನೀವು ಅಷ್ಟು ಹಾಡಿ ಹೊಗಳತೀರಿ, ಹದಿನೇಳರಾಗ ಒಂದು ಬೊಗಸಿ ಬೀಜ ಕೊಡ್ರಿ.”

“ಆಗೂದಿಲ್ಲ” ಅಂದೆ.

“ಒಂದು ಬೊಗಸಿ ರಿ.”

“ಆಗೂದಿಲ್ಲ ಅಂದ್ನೆಲ್ಲ!”

ಅವಳು ಚೀಲವನ್ನೂ ನನ್ನನ್ನೂ ನೋಡಿದಳು. “ಖರೆ ಬಿಡ್ರಿ. ಅದು ದೊಡ್ಡ ರೈತರಿಗಿ” ಅಂದು ಕುಡುಗೋಲು ತೆಗೆದುಕೊಂಡು ಹೋದಳು.

ಆ ಒಂದು ಬೊಗಸೆ ಅವಳ ಎರೆಯಲ್ಲಿ ಬಿದ್ದರೆ ಏನಾಗುತ್ತದೆ ಅಂತ ನನಗೊಬ್ಬನಿಗೆ ಗೊತ್ತು. ಅವಳಿಗೆ ಕೊಡಲು ಕೈ ಬರಲಿಲ್ಲ. ಹತ್ತು ಜನರಿಗೆ ಕೊಡಲು ಮಾತ್ರ ಚೀಲ ಕಟ್ಟುತ್ತಿದ್ದೆ. ಆ ಹತ್ತು ಜನರ ಮುಖ ನಾನು ನೋಡಿಲ್ಲ, ಅದಕ್ಕೆ ಇರಬೇಕು. ನನಗೆ ನನ್ನ ಮೇಲೇ ಹೇಸಿಗೆ ಬಂದಿದೆ.

17 ಫೆಬ್ರುವರಿ, ಸೋಮವಾರ

ಗದಗಿನ ಬಸ್ಸಿನಲ್ಲಿ ಹೊಲದ ಪುಸ್ತಕ ತೊಡೆಯ ಮೇಲೆ ಇಟ್ಟುಕೊಂಡು ಹದಿನೇಳನೆಯ ಸಾಲಿನ ಷರಾ ಬರೆದೆ. ಒಂದು ಇಂಚಿನಲ್ಲಿ ಹಿಡಿಯಿತು. ‘ನೀರು ಕುಡಿದಿದೆ. ಹಾಕಿದವನು ಖಾಸಿಂಸಾಬ.’ ಬಸ್ಸು ಕುಲುಕಿ ಅಕ್ಷರ ಕೆಟ್ಟವು. ನನ್ನ ಅಕ್ಷರ ಕೆಟ್ಟದ್ದು ಹನ್ನೊಂದು ವರ್ಷದಲ್ಲಿ ಇದೇ ಮೊದಲು.

ಸಾಹೇಬರು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

“ಎಷ್ಟು ದಿನ?”

“ಮೊದಲಿಂದ್ರಿ. ಗೊತ್ತಿಲ್ಲದ ಎರಡು ತಿಂಗಳು. ಗೊತ್ತಿದ್ದು ಮೂರು ದಿನ.”

ಬೈದಿದ್ದರೆ ಒಳ್ಳೆಯದಿತ್ತು. ಎದ್ದು ಕಿಟಕಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿಯೇ ಕೇಳಿದರು. “ಆ ದೊಡ್ಡವರನ್ನ ಕರಕೊಂಡು ಬಂದಾಗ ನಾನೂ ಮರದ ಬುಡಕ್ಕ ನಿಂತಿದ್ನಲ್ಲ?”

“ಹೌದ್ರಿ. ಬಿಸಿಲಿತ್ರಿ.”

ತಿರುಗಿ ಬಂದು ಪುಸ್ತಕದ ಹಾಳೆ ಮಗುಚಿದರು. “ಒಂಬತ್ತರ ಮುಂದ ಎಲ್ಲಾ ನಾಕು, ಬಾಡಿದೆ, ಬಾಡಿದೆ ಅಂತ ಬರದೀ. ತೂಕ ನೋಡಿದ್ರ ಎಲ್ಲಾದಕ್ಕಿಂತ ಮುಂದೈತಿ. ಏನಿದು?”

“ಅದು ಬಾಡಿದ್ದಿಲ್ಲರಿ” ಅಂದೆ. “ಸೆರಗ ಹೊತಗೊಂಡಿತ್ತರಿ.”

ಕಾಯಂ ಮಾತನ್ನು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಒಂಬತ್ತನ್ನು ಇನ್ನೊಂದು ವರ್ಷ ಬಿತ್ತಬೇಕು, ಈ ಸಲ ನಡುವಿನ ಗಿಡ ನೋಡಬೇಕು ಅಂದರು. ಯಾರು ನೋಡಬೇಕು ಅಂತ ಹೇಳಲಿಲ್ಲ. ಕೇಳಲು ನನಗೆ ಧೈರ್ಯ ಆಗಲಿಲ್ಲ. ಮನೆಯಲ್ಲಿ ಎಲ್ಲ ಹೇಳಿದೆ. ಮೋತಿಬಿ ಸಕ್ಕರೆ ಹಂಚಿದ ಮನೆಗಳನ್ನು ಬೆರಳಲ್ಲಿ ಎಣಿಸಿ, “ಹದಿನಾರು” ಅಂದಳು. ಆಮೇಲೆ ಬಿಸಿ ರೊಟ್ಟಿ ಹಾಕಿದಳು. ಮೂರು.

20 ಫೆಬ್ರುವರಿ, ಗುರುವಾರ

ಹನಮಂತವ್ವ ಹೊಲದಲ್ಲಿ ಕೊನೆಯ ಕಣಕಿ ಹೊರೆ ಕಟ್ಟುತ್ತಿದ್ದಳು. ಸಾಹೇಬರ ಒಪ್ಪಿಗೆ ಕೇಳಿ ತಂದಿದ್ದ ಒಂಬತ್ತರ ಬೀಜ ಒಂದು ಬೊಗಸೆ ಅವಳ ಮುಂದೆ ಹಿಡಿದೆ. ಹದಿನೇಳರ ಸಂಗತಿಯನ್ನೂ ಹೇಳಿದೆ.

ಅವಳು ಬೀಜವನ್ನು ಬೆರಳಲ್ಲಿ ತಿರುವಿ ನೋಡಿದಳು. “ಹಂಗಾರ ನಿಮ್ಮ ಪಗಾರ ಕೆಡಿಸಿದಾಕಿ ನಾನ ಆದ್ನಲ್ಲರಿ. ಪುಸ್ತಕದಾಗ ನನ್ನ ಹೆಸರು ಬರದೀರೇನು?”

“ಇಲ್ಲವಾ. ಜಾಗಾ ಇರಲಿಲ್ಲ. ಒಂದ ಇಂಚು.”

ಅವಳು ಬೀಜ ಇಸಿದುಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು. ಗಂಟನ್ನು ಎರಡು ಸಲ ಎಳೆದು ನೋಡಿದಳು. ಕೊಡದಿಂದ ನೀರು ಬಗ್ಗಿಸಿ ನನಗೆ ಕೊಟ್ಟು, ತಾನೂ ಕುಡಿದು, ಉಳಿದ ನೀರಿನ ಕೊಡವನ್ನು ಸೊಂಟಕ್ಕೆ ಎತ್ತಿಕೊಂಡಳು. ಎರಡು ಹೆಜ್ಜೆ ಹದಿನೇಳರ ಕಡೆ ಹೋಗಿ ಗಕ್ಕನೆ ನಿಂತು ನನ್ನ ಮುಖ ನೋಡಿದಳು. ಹೊಲದಲ್ಲಿ ಒಂದು ಗಿಡವೂ ಇರಲಿಲ್ಲ.

“ಇದನ್ನೆಲ್ಲಿ ಹಾಕಲ್ರಿ?”

“ಬೇವಿನ ಬುಡಕ್ಕ ಹಾಕವಾ” ಅಂದೆ. “ಅದಕ್ಕ ನಾ ಅಂಕ ಹಾಕೂದಿಲ್ಲ.”